ಹದಿನೈದನೇ ದಿನದ ಊಟದ ಡಬ್ಬಿ

ಅವತ್ತು ಬೆಳಿಗ್ಗೆ ಹೊಸ್ತಿಲು ದಾಟುವಾಗಲೇ ನಾನು ಅಮ್ಮನ ಮೇಲೆ ರೇಗಿದೆ. ಬಾಗಿಲಿಗೆ ಅಡ್ಡವಾಗಿ ಮಡಿಸುವ ಮೇಜು ಹಾಕಿ, ಅದರ ಮೇಲೆ ಹಣ್ಣು, ಬಿಸ್ಕತ್ತು, ಪುಟ್ಟ ಬಟ್ಟಲುಗಳಲ್ಲಿ ಚಹಾ ಇಟ್ಟು, ಊದುಬತ್ತಿ ಹಿಡಿದು ನಿಂತಿದ್ದಳು. ನನ್ನ ಸ್ಕೂಟರ್ ಮೇಜಿನ ಆಚೆಗಿತ್ತು.

“ಅಮ್ಮಾ, ಇವತ್ತೊಂದಿನ ಸ್ವಲ್ಪ ಜರುಗಿಸಬಾರದಾ? ನನಗೆ ಪರೀಕ್ಷೆ ಇದೆ.”

“ಪರೀಕ್ಷೆ ಅಂತಾನೇ ಇನ್ನೊಂದು ಕಡ್ಡಿ ಜಾಸ್ತಿ ಹಚ್ಚಿದೀನಿ. ಹದಿನೈದು ಕಣೇ ಆ-ಫಾಂಗ್, ಹುಣ್ಣಿಮೆ. ಕೈ ಮುಗಿದು ಹೋಗು.”

ಕೈ ಮುಗಿಯಲಿಲ್ಲ. ನನ್ನ ಫೋನಿನಲ್ಲಿ ಜುಲೈ ಇಪ್ಪತ್ತು ಎಂದಿತ್ತು. ಅಮ್ಮನ ಚಾಂದ್ರಮಾನದ ತಾರೀಖುಗಳನ್ನು ಕಿವಿಗೆ ಹಾಕಿಕೊಳ್ಳುವುದನ್ನು ಬಿಟ್ಟು ಬಹಳ ಕಾಲವಾಗಿತ್ತು.

ನಾನು ಕಾವ್‌ಶುಂಗ್ ಬಂದರಿನಲ್ಲಿ ಕ್ರೇನ್ ದುರಸ್ತಿಯ ಎಂಜಿನಿಯರ್. ವಾರವೆಲ್ಲ ಗ್ರೀಸು, ಶನಿವಾರ ತರಗತಿ. ಸರಕು ಸಾಗಣೆ ಮತ್ತು ಪೂರೈಕೆಯ ಬಗ್ಗೆ, ನೌಕರಿಯಲ್ಲಿರುವ ಎಂಜಿನಿಯರುಗಳಿಗೆಂದೇ ವಿಶ್ವವಿದ್ಯಾಲಯ ನಡೆಸುವ ಸ್ನಾತಕೋತ್ತರ ತರಗತಿ ಅದು. ನಲವತ್ತು ದಾಟಿದ ಮೇಲೆ ಈ ಉಸಾಬರಿ ಯಾಕೆಂದು ಕೇಳದವರಿಲ್ಲ. ಕಾರಣ ಒಂದೇ. ಪ್ರತಿ ವರ್ಷ ಬಿಸಿಲು ಇಳಿಯುವ ಹೊತ್ತಿಗೆ ನಮ್ಮ ಉಗ್ರಾಣದಲ್ಲಿ ಬ್ರೇಕಿನ ಪಟ್ಟಿ, ಬೇರಿಂಗು, ತಂತಿ ಹಗ್ಗ ಎಲ್ಲ ಒಟ್ಟಿಗೆ ಖಾಲಿಯಾಗುತ್ತವೆ, ಕ್ರೇನುಗಳು ಬಾಯಿ ಬಿಟ್ಟುಕೊಂಡು ನಿಲ್ಲುತ್ತವೆ, ಕಚೇರಿಯವರು ದುರಸ್ತಿಯವರಿಗೆ ಮೈಗಳ್ಳತನ ಎನ್ನುತ್ತಾರೆ. ಹಾಗೆ ಅನ್ನಿಸಿಕೊಂಡು ಅನ್ನಿಸಿಕೊಂಡು ನನಗೆ ಸಾಕಾಗಿತ್ತು. ತಪ್ಪು ನಮ್ಮದಲ್ಲ ಎಂದು ಅಚ್ಚಿನಲ್ಲಿ ತೋರಿಸಬೇಕಿತ್ತು.

ಓದಿಗೆ ಕೊಟ್ಟ ನಾಲ್ಕು ವರ್ಷದ ಗಡುವು ಆ ತಿಂಗಳ ಕೊನೆಗೆ ಮುಗಿಯುತ್ತಿತ್ತು. ಅವತ್ತಿನ ಮೌಖಿಕ ಪರೀಕ್ಷೆಯಲ್ಲಿ ಮೂವರು ಮೇಷ್ಟ್ರುಗಳೂ ಸಹಿ ಹಾಕದಿದ್ದರೆ ನನ್ನ ಹೆಸರು ಹೊಡೆದುಹಾಕುತ್ತಿದ್ದರು. ನಾಲ್ಕು ವರ್ಷದ ಶನಿವಾರಗಳು ನೀರಿಗೆ ಬೀಳುತ್ತಿದ್ದವು.

ಇಷ್ಟೆಲ್ಲ ತಲೆಯ ಮೇಲಿರುವಾಗ ನನ್ನ ಜೀವ ತಿಂದದ್ದು ಪ್ರಬಂಧವಲ್ಲ, ಊಟ. ಪರೀಕ್ಷೆ ಮಾಡಲು ಬಂದವರಿಗೆ ಪರೀಕ್ಷೆ ಕೊಡುವವರೇ ಚಹಾ, ಹಣ್ಣು, ಊಟದ ಡಬ್ಬಿ ಒದಗಿಸಬೇಕೆಂದು ಯಾವ ನಿಯಮದಲ್ಲೂ ಇಲ್ಲ. ಒದಗಿಸದವರನ್ನು ನಾನು ಕಂಡಿಲ್ಲ. ಹಣ್ಣು ಹೆಚ್ಚಿಟ್ಟಿರಬೇಕು, ಕಾಫಿಗೆ ಸಕ್ಕರೆ ಬೇಕೋ ಬೇಡವೋ ಮೊದಲೇ ಕೇಳಿರಬೇಕು. ನಾನು ಎಲ್ಲವನ್ನೂ ಕೇಳಿದ್ದೆ. ಉತ್ತರದಿಂದ ರೈಲಿನಲ್ಲಿ ಬರುವ ಯೆನ್ ಮೇಡಂ ಸಹಿ ಹಾಕದೆ ವಾಪಸ್ ಹೋಗುವುದಕ್ಕೇ ಹೆಸರಾದವರು. ಅವರಿಗೂ ಬರೆದು ಕೇಳಿದ್ದೆ: ಮಾಂಸ ತಿನ್ನುತ್ತೀರಾ? ತಿನ್ನುತ್ತೇನೆ, ಯಾವುದಾದರೂ ಆದೀತು ಎಂದು ಉತ್ತರ ಬಂತು. ಆಮೇಲೆ ನನ್ನ ಮಾರ್ಗದರ್ಶಕರಾದ ತುಂಗ್ ಮೇಷ್ಟ್ರು ತಾವು ಯಾವುದೋ ಮದುವೆಗೆ ಹೋಗಬೇಕೆಂದು ಶುಕ್ರವಾರದ ಪರೀಕ್ಷೆಯನ್ನು ಶನಿವಾರಕ್ಕೆ ಎಳೆದರು. ನಾನು ಕೊಠಡಿ ಬದಲಿಸಿದೆ, ರಜೆ ಬದಲಿಸಿದೆ. ಡಬ್ಬಿಯ ಆರ್ಡರಿನಲ್ಲಿ ವಾರ ಮಾತ್ರ ಬದಲಿಸಿ, ಹುರಿದ ಹಂದಿಯನ್ನು ಹಾಗೇ ಉಳಿಸಿಕೊಂಡೆ.

ಸಹಾಯಕ್ಕೆ ರುವಾನ್ ಬಂದಿದ್ದರು. ನಮ್ಮ ಪದ್ಧತಿಯಲ್ಲಿ ಪರೀಕ್ಷೆಯ ದಿನ ಕಿರಿಯ ತರಗತಿಯವರು ಬಂದು ಚಹಾ ಬಗ್ಗಿಸಬೇಕು. ಈ ಕಿರಿಯರಿಗೆ ಐವತ್ತೆರಡು ವರ್ಷ, ಒಂದು ಉಕ್ಕಿನ ಕಾರ್ಖಾನೆಯ ವಿಭಾಗಕ್ಕೆ ಮುಖ್ಯಸ್ಥರು. ಆದರೂ ನನಗಿಂತ ಒಂದು ವರ್ಷ ತಡವಾಗಿ ಸೇರಿದ್ದರಿಂದ ನಾನು ಅವರಿಗೆ ಅಕ್ಕ.

“ಅಕ್ಕಾ, ಹೆದರಬೇಡಿ. ಹಣ್ಣು ಹೆಚ್ಚಿ ಆಯ್ತು,” ಎಂದರು, ಬೋಳುತಲೆ ಒರೆಸಿಕೊಳ್ಳುತ್ತ.

ಹತ್ತು ಗಂಟೆಗೆ ಶುರುವಾಯಿತು. ಮೂರನೇ ಪರೀಕ್ಷಕರು ನಮ್ಮ ವಿಭಾಗದವರೇ, ಯಾರು ಏನೆಂದರೂ ತಲೆಯಾಡಿಸುವವರು. ಯೆನ್ ಮೇಡಂ ಪ್ರಬಂಧ ತೆರೆದು ಒಂದೇ ಪುಟದ ಮೇಲೆ ಬೆರಳಿಟ್ಟು ಕೂತರು. ಬಿಡಿಭಾಗಗಳ ಬೇಡಿಕೆಯ ನಕ್ಷೆ ಅದು. ವರ್ಷವಿಡೀ ನನ್ನ ಲೆಕ್ಕಾಚಾರಕ್ಕೆ ಸರಿಯಾಗಿ ನಡೆಯುವ ಗೆರೆ ಒಂದು ಕಡೆ ಮಾತ್ರ ಗುಡ್ಡದ ಹಾಗೆ ಏಳುತ್ತಿತ್ತು.

“ಇದೇನಿದು?”

“ಆಕಸ್ಮಿಕ ಏರಿಕೆ, ಮೇಡಂ.”

“ಪ್ರತಿ ವರ್ಷ ಬರ್ತಿದೆಯಲ್ಲ. ಪ್ರತಿ ವರ್ಷ ಬರೋದು ಆಕಸ್ಮಿಕ ಹೇಗಾಗತ್ತೆ?”

“ಬರೋ ಹೊತ್ತು ಬದಲಾಗ್ತಿದೆ, ಮೇಡಂ. ಒಂದು ವರ್ಷ ಸೆಪ್ಟೆಂಬರ್ ಶುರುವಿನಲ್ಲಿ, ಇನ್ನೊಂದು ವರ್ಷ ಮಧ್ಯದಲ್ಲಿ. ಚಂಡಮಾರುತ, ಹಡಗುಗಳ ಓಡಾಟ, ಸೆಕೆ, ಎಲ್ಲ ಇಟ್ಟು ನೋಡಿದೆ. ಯಾವುದೂ ಹೊಂದಲಿಲ್ಲ.”

“ಅದಕ್ಕೆ ಆಕಸ್ಮಿಕ ಅಂತ ಹೆಸರಿಟ್ರಿ?”

ಹಾಗೆ ಬರೆಸಿದ್ದು ತುಂಗ್ ಮೇಷ್ಟ್ರು. ನಾನು ಅವರ ಕಡೆ ನೋಡಿದೆ. ಅವರು ಸೀಬೆಹಣ್ಣಿನ ಹೋಳನ್ನು ಅತ್ಯಂತ ಗಮನವಿಟ್ಟು ಅಗಿಯುತ್ತಿದ್ದರು. ನನಗೆ ಮೈ ಪರಚಿಕೊಳ್ಳುವಂತಾಯಿತು.

“ನೋಡಿ,” ಎಂದರು ಯೆನ್ ಮೇಡಂ. “ನಿಮ್ಮ ಉಗ್ರಾಣ ಖಾಲಿಯಾಗೋದೇ ಈ ಗುಡ್ಡದಲ್ಲಿ. ಅದನ್ನೇ ಬಿಟ್ಟು ಉಳಿದ ವರ್ಷಾನೆಲ್ಲ ವಿವರಿಸಿದೀರಿ. ಊಟ ಮುಗಿಯೋದ್ರೊಳಗೆ ಕಾರಣ ಹೇಳಿ. ಇಲ್ಲಾಂದ್ರೆ ನಾನು ಸಹಿ ಹಾಕಲ್ಲ.”

ಸರಿಯಾಗಿ ಆಗಲೇ ರುವಾನ್ ನಗುಮುಖದಿಂದ ಡಬ್ಬಿಗಳನ್ನು ತಂದಿಟ್ಟರು. ಯೆನ್ ಮೇಡಂ ಮುಚ್ಚಳ ತೆಗೆದು, ಹಂದಿಯ ತುಂಡನ್ನು ನೋಡಿ, ಮತ್ತೆ ಮುಚ್ಚಿದರು.

“ನಾನು ಪಂಚಾಂಗದ ಒಂದು ಮತ್ತು ಹದಿನೈದಕ್ಕೆ ಮಾಂಸ ಮುಟ್ಟಲ್ಲ.”

“ಮೇಡಂ, ನೀವು ಯಾವುದಾದ್ರೂ ಆಗತ್ತೆ ಅಂತ—”

“ನೀವು ಕೇಳಿದ್ದು ಶುಕ್ರವಾರದ ಊಟಕ್ಕೆ. ಶುಕ್ರವಾರ ಹದಿನಾಲ್ಕು.”

ರುವಾನ್ ಹೆಲ್ಮೆಟ್ ಹಾಕಿಕೊಂಡು ಓಡಿದರು. ನಾನು ಹೊರಗೆ ನಿಂತು ಫೋನಿನಲ್ಲಿ ಸಸ್ಯಾಹಾರದ ಅಂಗಡಿಗಳಿಗೆಲ್ಲ ಗೋಗರೆದೆ. ಹುಣ್ಣಿಮೆಯ ಮಧ್ಯಾಹ್ನ ಡಬ್ಬಿ ಕೇಳುವ ನನ್ನಂಥ ಪೆದ್ದಿ ಅವರಿಗೆ ಇನ್ನೊಬ್ಬಳು ಸಿಕ್ಕಿರಲಾರಳು. “ಬೆಳಿಗ್ಗೇನೇ ಖಾಲಿ ಕಣಮ್ಮಾ, ಇವತ್ತು ಯಾವ ದಿನ ಅಂತ ಗೊತ್ತಿಲ್ವಾ?” ಎಂದು ಒಬ್ಬಳು ಬೈದೇ ಫೋನ್ ಇಟ್ಟಳು. ಪೂರೈಕೆಯ ಬಗ್ಗೆ ನಾಲ್ಕು ವರ್ಷ ಓದಿ ಒಂದು ಡಬ್ಬಿ ಪೂರೈಸಲಾಗದವಳು ನಾನು. ಕೊನೆಗೆ ರುವಾನ್ ಬೆವರು ಸುರಿಸಿಕೊಂಡು ಬಂದರು. ಕೈಯಲ್ಲಿ ಮೂಲೆಯಂಗಡಿಯ ಎರಡು ಸುಟ್ಟ ಗೆಣಸು.

“ಅಕ್ಕಾ, ಇದೊಂದೇ ಸಿಕ್ಕಿದ್ದು. ದೊಡ್ಡದನ್ನೇ ಆರಿಸಿದೀನಿ.”

ಗೆಣಸು ಒಳಗೆ ಹೋಯಿತು. ನಾನು ಪಡಸಾಲೆಯಲ್ಲಿ ಗೋಡೆಗೆ ಒರಗಿ ನಿಂತೆ. ಗುಡ್ಡಕ್ಕೆ ಕಾರಣ ಬೇಕು. ಅಷ್ಟರಲ್ಲಿ ಬಂದರಿನಿಂದ ನಮ್ಮ ಮೇಸ್ತ್ರಿ ಪೆಂಗ್ ಫೋನ್ ಮಾಡಿದ.

“ಮೇಡಂ, ಮೂರನೇ ಕ್ರೇನಿನ ಗೇರ್‌ಬಾಕ್ಸ್ ಬಿಚ್ಚೋಕೆ ಕಚೇರಿಯವರು ಆಗಸ್ಟ್ ಎರಡನೇ ವಾರ ಹಾಕಿದಾರೆ. ಹೂಂ ಅನ್ಲಾ?”

ನನ್ನ ಸಿಟ್ಟೆಲ್ಲ ಅವನ ಮೇಲೆ ಹೋಯಿತು. “ಪೆಂಗ್, ತಲೆ ನೆಟ್ಟಗಿದೆಯಾ? ಅಷ್ಟೊತ್ತಿಗೆ ಏಳನೇ ತಿಂಗಳು ಬಂದಿರತ್ತೆ. ಅಣ್ಣತಮ್ಮಂದಿರು ಓಡಾಡೋ ಹೊತ್ತಲ್ಲಿ ಅಷ್ಟು ಎತ್ತರದಲ್ಲಿ ನೇತಾಡ್ಕೊಂಡು ಯಾರು ಬಿಚ್ತಾರೆ, ನೀನಾ?”

“ಅಯ್ಯೋ, ನಾನಂತೂ ಹತ್ತಲ್ಲ. ಅದಕ್ಕೇ ಕೇಳ್ದೆ. ಕಾರಣ ಏನ್ ಹೇಳ್ಲಿ?”

“ಗಾಳಿ ಜಾಸ್ತಿ ಅನ್ನು. ಪ್ರತಿ ವರ್ಷ ಅದನ್ನೇ ತಾನೇ ಹೇಳೋದು?”

“ಮಿಕ್ಕ ಕ್ರೇನುಗಳು?”

“ಎಲ್ಲಾ ಮುಂದಕ್ಕೆ ಹಾಕು. ಅವರು ವಾಪಸ್ ಹೋದ್ಮೇಲೆ ಒಟ್ಟಿಗೆ—”

ಅಲ್ಲಿಗೇ ಫೋನ್ ಇಟ್ಟೆ.

ಅಣ್ಣತಮ್ಮಂದಿರು ಎಂದರೆ ಸತ್ತವರು. ಏಳನೇ ತಿಂಗಳಲ್ಲಿ ಅವರು ಊರಿಗೆ ಬಂದಿರುತ್ತಾರೆ, ಬೇರೆ ಹೆಸರಿನಿಂದ ಕರೆಯಬಾರದು. ಆ ತಿಂಗಳು ನಮ್ಮ ಗುಂಪಿನಲ್ಲಿ ಯಾರೂ ದೊಡ್ಡ ದುರಸ್ತಿಗೆ ಕೈ ಹಾಕುವುದಿಲ್ಲ. ಮೈಗಳ್ಳರು ಎನ್ನುವ ಕಚೇರಿಯವರೇ ಅಂಗಳದಲ್ಲಿ ಉದ್ದನೆಯ ಮೇಜು ಹಾಕಿ ಅವರಿಗೆ ಎಡೆ ಇಡುತ್ತಾರೆ. ತಿಂಗಳು ಕಳೆದ ಮರುದಿನ ಎಲ್ಲ ಕ್ರೇನುಗಳನ್ನೂ ಒಟ್ಟಿಗೆ ಬಿಚ್ಚುತ್ತೇವೆ, ಬಿಡಿಭಾಗ ಒಟ್ಟಿಗೆ ಖಾಲಿಯಾಗುತ್ತದೆ. ಅಮ್ಮನ ಪಂಚಾಂಗದ ಆ ತಿಂಗಳು ನನ್ನ ಫೋನಿನ ತಿಂಗಳುಗಳಲ್ಲಿ ವರ್ಷವರ್ಷವೂ ಜಾಗ ಬದಲಿಸುತ್ತದೆ. ಇದು ಎಲ್ಲರಿಗೂ ಗೊತ್ತು. ಎಲ್ಲರಿಗೂ ಗೊತ್ತಿದ್ದದ್ದರಿಂದಲೇ ಯಾರೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ. ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕೆನ್ನಿಸಿತು.

ಬಾಗಿಲು ತಳ್ಳಿಕೊಂಡು ಒಳಗೆ ಹೋದೆ. “ಏಳನೇ ತಿಂಗಳು, ಮೇಡಂ!” ಎಂದು ಹೆಚ್ಚುಕಡಿಮೆ ಕಿರುಚಿದೆ. ಫೋನಿನಲ್ಲಿ ಹಳೆಯ ಪಂಚಾಂಗ ಹುಡುಕಿ, ನಕ್ಷೆಯ ಕೆಳಗೆ ಒಂದೊಂದು ವರ್ಷದ ಏಳನೇ ತಿಂಗಳನ್ನೂ ಗುರುತು ಹಾಕಿ ತೋರಿಸಿದೆ. ಪ್ರತಿ ಗುಡ್ಡವೂ ಆ ತಿಂಗಳು ಮುಗಿದಲ್ಲಿಂದಲೇ ಏಳುತ್ತಿತ್ತು. ಒಂದೂ ತಪ್ಪಲಿಲ್ಲ.

ತುಂಗ್ ಮೇಷ್ಟ್ರಿಗೆ ಈಗ ಬಾಯಿ ಬಂತು. “ದೆವ್ವ ಪಿಶಾಚಿ ಎಲ್ಲ ಪ್ರಬಂಧದಲ್ಲಿ ಬರೆಯೋಕಾಗತ್ತೇನ್ರೀ? ಓದಿದವರು ನಗಲ್ವಾ?”

ಯೆನ್ ಮೇಡಂ ಎರಡನೇ ಗೆಣಸಿನ ಸಿಪ್ಪೆ ಬಿಡಿಸುತ್ತಿದ್ದರು. “ದೆವ್ವ ಇದೆಯೋ ಇಲ್ವೋ ಅಂತ ಯಾರು ಕೇಳಿದ್ರು, ತುಂಗ್? ಇವತ್ತು ನಾನು ಹಂದಿ ತಿನ್ನಲಿಲ್ಲ. ಅದು ಇದೆ ತಾನೇ? ಊರಲ್ಲಿ ಸಸ್ಯಾಹಾರದ ಡಬ್ಬಿ ಸಿಗಲಿಲ್ಲ. ಅದೂ ಇದೆ ತಾನೇ?” ಆಮೇಲೆ ನನ್ನ ಕಡೆ ತಿರುಗಿದರು. “ಈ ದುರಸ್ತಿಗಳನ್ನ ಮುಂದಕ್ಕೆ ಹಾಕೋರು ಯಾರು?”

ಕಚೇರಿಯವರು ಎನ್ನಲು ನಾಲ್ಕು ವರ್ಷದಿಂದ ಕಾದಿದ್ದೆ.

“ನಾನೇ, ಮೇಡಂ. ಈಗಷ್ಟೇ ಹಾಕಿ ಬಂದೆ.”

ಅವರು ನಗಲಿಲ್ಲ. ಕೈ ಒರೆಸಿಕೊಂಡು ಪೆನ್ನು ತೆಗೆದರು. “ಆ ಅಧ್ಯಾಯ ಪೂರ್ತಿ ಹೊಸದಾಗಿ ಬರೀರಿ, ತಿಂಗಳ ಕೊನೆಯೊಳಗೆ. ನೀವೇ ಮುಂದಕ್ಕೆ ಹಾಕಿದ್ದನ್ನೂ ಬರೀರಿ.” ಸಹಿ ಹಾಕಿದರು. ಮೂರನೆಯವರು ತಲೆಯಾಡಿಸುತ್ತ ಸಹಿ ಹಾಕಿದರು. ತುಂಗ್ ಮೇಷ್ಟ್ರು, “ನನಗೆ ಮೊದಲಿಂದಲೂ ಹೀಗೇ ಅನ್ನಿಸ್ತಿತ್ತು,” ಎನ್ನುತ್ತ ಸಹಿ ಹಾಕಿದರು. ಎದುರಿಗಿದ್ದ ಹಣ್ಣಿನ ತಟ್ಟೆಯನ್ನು ಅವರ ಮೇಲೆ ಎಸೆಯದಿರಲು ನಾನು ಬಹಳ ಕಷ್ಟಪಟ್ಟೆ.

ಹೊರಗೆ ಬಂದು ಪೆಂಗ್‌ಗೆ ಫೋನ್ ಮಾಡಿದೆ. “ಬ್ರೇಕ್ ಪಟ್ಟಿ, ಬೇರಿಂಗ್, ಹಗ್ಗ, ಎಲ್ಲಾ ಈಗಲೇ ತರಿಸೋಕೆ ಹೇಳು. ಕಾರಣ ಕೇಳಿದ್ರೆ ಏಳನೇ ತಿಂಗಳು ಅಂತಾನೇ ಹೇಳು.”

“ಎಲ್ಲಾ ಬಂದ್ಮೇಲೆ ಕಾಯೋದ್ಯಾಕೆ ಮೇಡಂ? ಆಗಸ್ಟಲ್ಲೇ ಬಿಚ್ಚಬಹುದಲ್ಲ?”

“ಬಾಯಿ ಮುಚ್ಚು. ಅವರು ಹೋದ್ಮೇಲೇ ಬಿಚ್ಚೋದು.”

ಸಂಜೆ ಮುಟ್ಟದೆ ಉಳಿದ ಡಬ್ಬಿಯನ್ನು ಹಿಡಿದು ಮನೆಗೆ ಬಂದೆ. ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿರಲಿಲ್ಲ. ಅಮ್ಮ ಬಾಗಿಲಲ್ಲೇ ಮೂಗು ಮುಚ್ಚಿಕೊಂಡಳು.

“ಹಂದಿಯಾ? ಹದಿನೈದು ಅಂತ ಬೆಳಿಗ್ಗೇನೇ ಬಡ್ಕೊಂಡೆ. ಒಳಗೆ ತರಬೇಡ ಅದನ್ನ.”

ಹೀಗೆ ಸ್ನಾತಕೋತ್ತರ ಪದವೀಧರೆಯಾದ ನಾನು ಬೀದಿಯಲ್ಲಿ ಸ್ಕೂಟರಿನ ಮೇಲೆ ಕೂತು ತಣ್ಣಗಾದ ಹಂದಿ ತಿಂದೆ. ಅಮ್ಮ ಮೇಜು ಮಡಿಸುತ್ತ ಕೇಳಿದಳು, “ಏನಾಯ್ತೇ?”

“ಪಾಸಾದೆ.”

“ಆಗದೆ ಇನ್ನೇನು? ಇನ್ನೊಂದು ಕಡ್ಡಿ ಜಾಸ್ತಿ ಹಚ್ಚಿದ್ನಲ್ಲ.”

ನಾಲ್ಕು ವರ್ಷ ಓದಿದವಳು ನಾನು ಎಂದು ಕೂಗಿ ಹೇಳಬೇಕೆನ್ನಿಸಿತು. ಬಾಯಿ ತುಂಬ ಅನ್ನವಿತ್ತು. ಅದನ್ನು ನುಂಗುವಷ್ಟರಲ್ಲಿ, ಅವತ್ತಿನ ಉತ್ತರ ಅಡಗಿದ್ದ ಪಂಚಾಂಗದ ತಾರೀಖನ್ನು ಬೆಳಿಗ್ಗೆ ಹೊಸ್ತಿಲಲ್ಲೇ ಅವಳು ಹೇಳಿದ್ದು ನೆನಪಾಯಿತು. ಇನ್ನೊಂದು ತುತ್ತು ಬಾಯಿಗಿಟ್ಟುಕೊಂಡೆ.