ಬಾಗಿಲು ಕೆಟ್ಟಿದೆ

ಅಕ್ಕ ಮಾತು ಬಿಟ್ಟು ಎಂಟು ದಿನವಾಗಿತ್ತು. ಒಂದೇ ಲ್ಯಾಬು, ಒಂದೇ ಟೇಬಲ್ಲು. ಆದರೂ ಬೇಕಾದ್ದನ್ನೆಲ್ಲ ಚೀಟಿಯಲ್ಲಿ ಬರೆದು ತಂಗಿಯತ್ತ ಸರಿಸುತ್ತಿದ್ದಳು.

ತಪ್ಪು ತಂಗಿಯದೇ. ಎರಡು ಕಿಲೋಮೀಟರ್ ಆಳದ ಎಣ್ಣೆಬಾವಿಯಿಂದ ತಂದ ನೀರನ್ನು ಅಕ್ಕ ಬಾಟಲಿಗೆ ತುಂಬಿ, ಎಪ್ಪತ್ತು ಡಿಗ್ರಿಯ ಇನ್‌ಕ್ಯುಬೇಟರ್ ಪೆಟ್ಟಿಗೆಯಲ್ಲಿಟ್ಟು ಎಂಟು ತಿಂಗಳಿಂದ ಕಾಯುತ್ತಿದ್ದಳು. ಕೈ ಸುಡುವ ಬಿಸಿಯಲ್ಲೇ ಹಾಯಾಗಿರುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆದರೆ ನೀರು ಕಪ್ಪಾಗಬೇಕು. ತಿಂಗಳ ಕೊನೆಯೊಳಗೆ ಕಪ್ಪಾಗದಿದ್ದರೆ ಪೆಟ್ಟಿಗೆ ಬೇರೆ ತಂಡದ ಪಾಲು. ಹೀಗಿರುವಾಗ ತಂಗಿ, ಕೈ ಸುಮ್ಮನಿರಲಾರದೆ, ಅಂಥದೇ ಬಾಟಲಿಗೆ ಇಂಕು ಹಾಕಿ ಮುಂದಿಟ್ಟು ಹೀರೋ ಎಂಟ್ರಿ ಎಂದಿದ್ದಳು. ಅಕ್ಕ ಬಾಟಲಿ ಹಿಡಿದುಕೊಂಡು ಖುಷಿಗೆ ಅತ್ತೇಬಿಟ್ಟಳು. ನಿಜ ತಿಳಿದ ಮೇಲೆ ಬೈಯಲೂ ಇಲ್ಲ. ಬೈದಿದ್ದರೆ ತಂಗಿಗೆ ರಾತ್ರಿ ನಿದ್ದೆಯಾದರೂ ಬರುತ್ತಿತ್ತು.

ಮಾತಾಡುವವರಿಲ್ಲದ ತಂಗಿಗೆ ನೋಡುವುದೊಂದೇ ಕೆಲಸ. ಹಾಗೆ ನೋಡುತ್ತಿದ್ದಾಗ ಕಂಡಿತು: ಅಕ್ಕ ದಿನಕ್ಕೆ ಹದಿನೈದು ಸಲ ಬಾಗಿಲು ತೆಗೆದು, ಬಾಟಲಿಯನ್ನು ಬೆಳಕಿಗೆ ಹಿಡಿಯುತ್ತಾಳೆ. ಪ್ರತಿ ಸಲವೂ ಕಾವು ಇಳಿಯುತ್ತದೆ, ಬೆಳೆಯಬೇಕಾದದ್ದು ಅಲ್ಲೇ ನಿಲ್ಲುತ್ತದೆ. ನಿದ್ದೆ ಬಂತಾ ಕಂದಾ ಎಂದು ಮಗುವನ್ನು ಎಬ್ಬಿಸಿ ಎಬ್ಬಿಸಿ ಕೇಳಿದ ಹಾಗೆ. ಹೇಳಿದರೆ ಇಂಕಿನವಳ ಮಾತು ನಂಬುವವರು ಯಾರು? ತಂಗಿ ಪೆಟ್ಟಿಗೆಗೆ ಬೀಗ ಜಡಿದು, 'ಬಾಗಿಲು ಕೆಟ್ಟಿದೆ. ರಿಪೇರಿಯವರು ಬರುವತನಕ ಮುಟ್ಟಬಾರದು' ಎಂದು ಬರೆದು ಅಂಟಿಸಿದಳು.

ಹನ್ನೆರಡು ದಿನ ಅಕ್ಕ ಆ ಚೀಟಿಯ ಮುಂದೆ ಶತಪಥ ಹಾಕಿದಳು. ತಿಂಗಳ ಕೊನೆಯ ದಿನ ತಂಗಿ ಬೀಗ ತೆಗೆದು ನೋಡಿದರೆ, ಬಾಟಲಿ ಕಾಡಿಗೆ ಕಪ್ಪು. ಬಟ್ಟೆಯಲ್ಲಿ ಹಿಡಿದು ತಂದು ಅಕ್ಕನ ಮುಂದಿಟ್ಟಳು.

ಅಕ್ಕ ತಲೆಯನ್ನೂ ಎತ್ತಲಿಲ್ಲ. "ಈ ಸಲ ಯಾವ ಅಂಗಡಿ ಇಂಕು?"

ಇಪ್ಪತ್ತು ದಿನದಲ್ಲಿ ಆಡಿದ ಮೊದಲ ಮಾತು. ತಂಗಿ ಸೂಜಿ ಕೈಗೆತ್ತಿಕೊಂಡಳು.

"ಕಣ್ಣನ್ನ ನಂಬಬೇಡ ಅಕ್ಕ. ಮೂಗು ಕೊಡು, ಸಾಕು."

ರಬ್ಬರ್ ಮುಚ್ಚಳಕ್ಕೆ ಸೂಜಿ ಚುಚ್ಚಿದಳು. ಒಂದು ಎಳೆ ಗಾಳಿ ಹೊರಬಂತು. ಕೊಳೆತ ಮೊಟ್ಟೆಯ ನಾತ. ಯಾವ ಇಂಕಿಗೂ ಆ ನಾತವಿಲ್ಲ, ಬ್ಯಾಕ್ಟೀರಿಯಾ ಬೆಳೆದರಷ್ಟೇ ಅದು ಬರುವುದೆಂದು ಅಕ್ಕನಿಗೆ ಗೊತ್ತು. ಮುಖ ಕಿವುಚಿಕೊಂಡೇ ನಕ್ಕಳು, ನಗುತ್ತಲೇ ಕಣ್ಣೊರೆಸಿಕೊಂಡಳು.

"ರಿಪೇರಿಯವರು ಬಂದಿದ್ರಾ?"

"ಇಲ್ಲೇ ನಿಂತಿದಾರಲ್ಲ."

ಅಕ್ಕ ಅವಳ ತಲೆಗೊಂದು ಮೊಟಕಿ, ಬಾಟಲಿಯನ್ನು ಪೆಟ್ಟಿಗೆಗೆ ಸೇರಿಸಿ, ಬೀಗ ಹಾಕಿ, ಕೀಲಿಯನ್ನು ತಂಗಿಯ ಅಂಗೈಯಲ್ಲಿಟ್ಟು ಮುಚ್ಚಿದಳು.

"ನಿನ್ ಹತ್ರಾನೇ ಇರ್ಲಿ. ನಾನು ಗೋಗರೆದ್ರೂ ಕೊಡ್ಬೇಡ."