ಹಿಂದಿನ ಮಗ್ಗುಲು

"ಪಾಸ್ ಬೇಕಂತ ಹೇಳಿದ್ದಿ ಅಲ್ಲ ನೀ?" ಮುತ್ತಣ್ಣ ಕಾರ್ಡನ್ನು ಕಣ್ಣಿನಿಂದ ದೂರ ಹಿಡಿದು ಕೂಗಿದ. "ಇಲ್ಲಿ ಏನ ಬರದಾರ ನೋಡು. ಪ್ರವೇಶ ಉಚಿತ, ಸರ್ವರಿಗೂ ಸ್ವಾಗತ. ಸರ್ವರು ಅಂದ್ರ ಅದರಾಗ ನಾವೂ ಬಂದ್ವಿಲ್ಲೊ?"

ಅವನದು ಸಿಟ್ಟಿನ ಕೂಗಲ್ಲ. ಬನಹಟ್ಟಿಯ ಆ ಓಣಿಯಲ್ಲಿ ಎಲ್ಲರೂ ಹಾಗೆಯೇ ಮಾತನಾಡುತ್ತಿದ್ದರು. ಮುತ್ತಣ್ಣನ ಮನೆ ಗೋಡೆಯಾಚೆಗೇ ಇತ್ತು. ಅಲ್ಲಿ ಅವನ ನಾಲ್ಕು ಪವರ್‌ಲೂಮುಗಳು ಬಡಿದುಕೊಳ್ಳುತ್ತಿದ್ದವು.

ಅನುರಾಧಾ ತನ್ನ ಚಹದ ಕಪ್ಪು ಹಿಡಿದು ಅಡುಗೆಮನೆಯ ಬಾಗಿಲಲ್ಲೇ ನಿಂತಳು. ಧಾರವಾಡದಲ್ಲಿ ತನ್ನ ಚಿತ್ರವಿದ್ದ ಪ್ರದರ್ಶನದ ಆ ಕಾರ್ಡು ಅವಳ ಚೀಲದ ತಳದಲ್ಲಿ, ಪುಸ್ತಕದೊಳಗಿತ್ತು. ಬಟ್ಟೆ ಒಗೆಯಲೆಂದು ಚೀಲ ಬರಿದು ಮಾಡಿದ ಅವ್ವ ಅದನ್ನು ದೇವರ ಜಗಲಿಯ ಮೇಲೆ, ವಿಭೂತಿ ಗಟ್ಟಿಯ ಪಕ್ಕ ಒರಗಿಸಿ ಇಟ್ಟಿದ್ದಳು. ಬಂದವರಿಗೆಲ್ಲ ಕಾಣುವ ಹಾಗೆ.

"ಮೊದಲ ಪಾಸ್ ಇತ್ತು ಮಾಮಾ. ಈಗ ತಗದಾರ ಕಾಣತೈತಿ" ಎಂದಳು. ಪಾಸಿನ ಮಾತು ಅವಳೇ ಕಟ್ಟಿದ್ದು.

"ಛಲೋ ಆತು ಬಿಡು. ರವಿವಾರ ಲೂಮ್ ಬಂದ್ ಇಡತೇನಿ. ಒಂದು ಕ್ರೂಸರ್ ಗಾಡಿ ಹೇಳಿದ್ರ ಆತು. ನಾನು, ನಿಮ್ಮತ್ತಿ ಮಂಗಲಾ, ಅಕ್ಕ, ನೀನು. ಲೂಮಿನ ಆಳು ಬಾಳೇಶನೂ ಬರತೇನಿ ಅಂದಾನ. ಮುಂಜಾನೆ ಐದಕ್ಕ ಬಿಟ್ಟರ ಯರಗಟ್ಟಿಯೊಳಗ ನಾಷ್ಟಾ, ಹತ್ತಕ್ಕ ಧಾರವಾಡ."

"ನಾಷ್ಟಾ ಯಾಕ? ರೊಟ್ಟಿ ಕಟಗೊಂಡ ಹೋಗೂಣು" ಎಂದಳು ಅವ್ವ ಶೇವಂತಿ. ಅವಳು ನೆಲದ ಮೇಲೆ ಕೂತು ತಮ್ಮ ಮುತ್ತಣ್ಣನ ಲೂಮಿಗೆ ಕಂಡಿಕೆಯ ಮೇಲೆ ದಾರ ಸುತ್ತುತ್ತಿದ್ದಳು.

"ಚಿತ್ರದ ಮುಂದ ಕುಂತು ರೊಟ್ಟಿಗಂಟು ಬಿಚ್ಚತೀಯೇನ ಅಕ್ಕಾ? ಅಲ್ಲಿ ಕಾವಲಿದ್ದಾಂವ ಚಿತ್ರ ಬಿಟ್ಟು ನಿನ್ನ ಶೇಂಗಾ ಚಟ್ನಿ ಹಿಂದ ಬರತಾನ."

ಶೇವಂತಿ ನಗಲಿಲ್ಲ. ದಾರದ ಮೇಲಿನ ಕಣ್ಣು ತೆಗೆಯದೆ ಕೇಳಿದಳು: "ಅಲ್ಲೆ ಮುಟ್ಟಾಕ ಬಿಡತಾರೇನು?"

ಈ ಪ್ರಶ್ನೆಯನ್ನು ಅವಳು ಈ ವಾರ ಕೇಳುತ್ತಿರುವುದು ಇದು ಮೂರನೆಯ ಸಲ.

"ಇಲ್ಲ ಬೇ. ನಡುವ ಹಗ್ಗ ಕಟ್ಟಿರತಾರ. ದೂರ ನಿಂತ ನೋಡಬೇಕು."

"ಮುಟ್ಟಲಾರದ ಹೆಂಗ ನೋಡೂದು?"

"ನಿನ್ನ ಕಾಲಾಗ ಸಾಕಾಗೈತಿ" ಎಂದ ಮುತ್ತಣ್ಣ. "ನನ್ನ ಮಗಳು ರಾಜಶ್ರೀನ ನೋಡಾಕ ಬಂದಾಗ ಏನ ಮಾಡಿದಿ? ವರನ ಮಾರಿ ನೋಡಲಿಲ್ಲ, ಅವನ ಹೆಗಲ ಮ್ಯಾಲಿನ ಶಲ್ಯ ಹೊಳ್ಳಿಸಿ ನೋಡಿದಿ. ಪಾಪ, ಆ ಹುಡುಗ ಹರದೈತೇನೋ ಅಂತ ಗಾಬರಿ ಆದ."

ಅದು ನಿಜವೇ ಆಗಿತ್ತು. ಯಾವ ಬಟ್ಟೆ ಕೈಗೆ ಬಂದರೂ ಶೇವಂತಿ ಮೊದಲು ಅದನ್ನು ಹೊರಳಿಸಿ ಹಿಂದಿನ ಮಗ್ಗುಲು ನೋಡುತ್ತಿದ್ದಳು. ಮುಂದಿನದು ಕೊಳ್ಳುವವರಿಗೆ; ನೇಯ್ದವನ ಕೈ ಗೊತ್ತಾಗುವುದು ಹಿಂದೆ.

"ಖರೆ ಹೇಳಲೇನ ಅಕ್ಕಾ, ನನಗ ಚಿತ್ರಕ್ಕಿಂತ ಬಟ್ಟಿ ನೋಡೂದೈತಿ" ಮುತ್ತಣ್ಣ ಚಹ ಹೀರಿದ. "ದೀಪಾವಳಿಗೆ ನನ್ನ ಕಡೆ ಎರಡು ಗಜ ಒಯ್ದಿದ್ಳು ನಿನ್ನ ಮಗಳು. ಕರೀ ಮೈ, ಕೆಂಪು ದಡಿ. ಚಿತ್ರ ಬರೀಲಿಕ್ಕೆ ಬೇಕು ಅಂದ್ಳು. ಅದರ ಮ್ಯಾಲನ ಬರದಿ ಹೌದಿಲ್ಲೊ ಅನು?"

ಅವ್ವನ ಕೈಯಲ್ಲಿ ಕಂಡಿಕೆ ತಿರುಗುತ್ತಲೇ ಇತ್ತು.

"ಹೂಂ ಮಾಮಾ."

"ನೋಡು! ನಿಮ್ಮಪ್ಪ ನೀಲಕಂಠ ಮಾಮಾ ಸಾಯೂ ತನಕ ನನ್ನ ಬಟ್ಟಿಗೆ ಬಟ್ಟಿ ಅನ್ನಲಿಲ್ಲ. ಮಿಶನ್ ಉಗುಳಿದ್ದು ಅಂತಿದ್ದ. ಈಗ ಎಲ್ಲಿ ಹೋಗಿ ತೂಗಬಿದ್ದೈತಿ ನೋಡು."

ಆಗ ಕರೆಂಟ್ ಹೋಯಿತು. ಓಣಿಯ ಲೂಮುಗಳೆಲ್ಲ ಒಂದೇ ಏಟಿಗೆ ನಿಂತವು. ಯಾರದೋ ಮನೆಯಲ್ಲಿ ಕೂಗಿ ಆಡುತ್ತಿದ್ದ ಮಾತು ಬಯಲಿಗೆ ಬಿದ್ದು, ತಕ್ಷಣ ಸಣ್ಣದಾಯಿತು. "ಹೋತ ನೋಡು" ಎಂದು ಮುತ್ತಣ್ಣ ಎದ್ದ. "ಹೆಂಗೂ ಖಾಲಿ ಆದೆ. ಕ್ರೂಸರಿನವಗ ಹೇಳಿ ಬರತೇನಿ."

ಅವನು ಹೋದ ಮೇಲೆ ಮನೆಯಲ್ಲಿ ಅಡಗಲು ಯಾವ ಸದ್ದೂ ಉಳಿಯಲಿಲ್ಲ.

ಅನುರಾಧಾ ನೆಲ ನೋಡಿದಳು. ಕೋಣೆಯ ನಡುವೆ ಒಂದು ಹಲಗೆ, ಅದರ ಮೇಲೆ ಗ್ಯಾಸ್ ಸಿಲಿಂಡರ್. ಹಲಗೆಯ ಕೆಳಗೆ ಅಪ್ಪ ಕಾಲು ಇಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಇತ್ತು. ಎರಡು ವರ್ಷದ ಹಿಂದೆ ಮಧ್ಯಾಹ್ನದ ಊಟ ಮಾಡಿ ಕುಣಿಗೆ ಇಳಿದ ನೀಲಕಂಠ ಮತ್ತೆ ತಾನಾಗಿ ಮೇಲೆ ಬರಲಿಲ್ಲ. ಆಗ ಮಗ್ಗದ ಮೇಲೆ ಎರಡು ಗಜ ಸೀರೆ ನೇಯ್ದಾಗಿತ್ತು. ಉಳಿದದ್ದನ್ನು ಬೇರೆಯವರಿಂದ ಮುಗಿಸೋಣವೆಂದು ಮುತ್ತಣ್ಣ ಹೇಳಿದ. ಶೇವಂತಿ ಒಪ್ಪಲಿಲ್ಲ. ತಾನೇ ಕತ್ತರಿ ತಂದು, ನೇಯದೆ ಉಳಿದ ಎಳೆಗಳನ್ನು ಗೇಣುದ್ದ ಬಿಟ್ಟು ಕತ್ತರಿಸಿ, ಹತ್ತತ್ತು ಎಳೆ ಹಿಡಿದು ಗಂಟು ಹಾಕಿ, ಆ ತುಂಡನ್ನು ಟ್ರಂಕಿನ ತಳದಲ್ಲಿ ಇಟ್ಟಳು.

ಧಾರವಾಡದ ಚಿತ್ರಕಲಾ ಕಾಲೇಜಿನಲ್ಲಿ ಕೊನೆಯ ವರ್ಷದ ಕೆಲಸಕ್ಕೆ ಮೇಷ್ಟ್ರು ಹೇಳಿದ್ದರು: ಅಂಗಡಿಯ ಕ್ಯಾನ್ವಾಸ್ ಬೇಡ, ನಿಮ್ಮದೇ ಆದದ್ದನ್ನು ತನ್ನಿ. ದೀಪಾವಳಿಗೆ ಬಂದಾಗ, ಅವ್ವ ಉಂಡಿ ಕಟ್ಟಲು ಮಂಗಲಾಳ ಮನೆಗೆ ಹೋಗಿದ್ದ ಒಂದು ತಾಸಿನಲ್ಲಿ, ಅನುರಾಧಾ ಟ್ರಂಕು ತೆಗೆದಳು. ಅಪ್ಪನ ತುಂಡು ತೆಗೆದುಕೊಂಡು, ಅದರ ಜಾಗದಲ್ಲಿ ಅದೇ ಕರಿ ಮೈ, ಕೆಂಪು ದಡಿಯ ಮುತ್ತಣ್ಣನ ಲೂಮಿನ ಬಟ್ಟೆ ಇಟ್ಟಳು. ಅದರ ತುದಿ ಬಿಚ್ಚಿ, ಹತ್ತತ್ತು ಎಳೆ ಎಣಿಸಿ, ಹಾಗೆಯೇ ಗಂಟೂ ಹಾಕಿದಳು. ಒಂದು ಎಣಿಕೆಯೂ ತಪ್ಪಲಿಲ್ಲ. ಅದೇ ಈಗ ಅವಳಿಗೆ ಎಲ್ಲಕ್ಕಿಂತ ಅಸಹ್ಯವಾಗಿ ನೆನಪಾಗುತ್ತಿತ್ತು.

ಹಾಸ್ಟೆಲಿನಲ್ಲಿ ಅಪ್ಪನ ಬಟ್ಟೆಯನ್ನು ಚೌಕಟ್ಟಿಗೆ ಮೊಳೆ ಹೊಡೆದು ಬಿಗಿದಳು. ಬಿಳಿ ಬಣ್ಣ ಬಳಿದು ಅದರ ಮೇಲೆ ಹಲಗೆಯನ್ನೂ ಸಿಲಿಂಡರನ್ನೂ ಬರೆದಳು. ಮೇಷ್ಟ್ರು ಬಹಳ ಹೊತ್ತು ನೋಡಿ, "ತಾಯಿಯೇ ಕೊಟ್ಟರಾ ಇದನ್ನು?" ಎಂದು ಕೇಳಿದರು. "ಹೂಂ ಸರ್" ಎಂದಿದ್ದಳು. ಆ ಹೂಂ ಈಗ ಗ್ಯಾಲರಿಯ ಗೋಡೆಯ ಮೇಲೆ ಅಚ್ಚಾಗಿ ಕೂತಿತ್ತು: ತಂದೆಯ ಕೊನೆಯ ನೇಯ್ಗೆ. ತಾಯಿಯ ಕೊಡುಗೆ.

ಶೇವಂತಿ ಎದ್ದು ಟ್ರಂಕು ಎಳೆದಳು.

"ಸೀರಿ ಬೇಕೇನ ಬೇ? ಅವು ಮ್ಯಾಲಿನ ಟ್ರಂಕಿನ್ಯಾಗ ಅದಾವ."

ಅವ್ವ ಟ್ರಂಕಿನೊಳಗೆ ಕೈ ಇಳಿಸಿದಳು. ತಳದಿಂದ ಬಟ್ಟೆ ತೆಗೆದು ತೊಡೆಯ ಮೇಲೆ ಹಾಕಿ ಹೊರಳಿಸಿದಳು. ಅದನ್ನು ನೋಡಲೂ ಇಲ್ಲ. ಅಂಚಿನ ದಡಿಯ ಗುಂಟ ಹೆಬ್ಬೆರಳು ಸರಿಸಿದಳು.

"ಇದು ಮುತ್ತಣ್ಣಂದು" ಎಂದಳು ಮೆಲ್ಲಗೆ. "ಗಂಟು ನಿನ್ನವು. ನಾ ಎಡಕ್ಕ ಹಾಕತೇನಿ, ನೀ ಬಲಕ್ಕ ಹಾಕೀದಿ."

ಅನುರಾಧಾಳ ಕೈಯಲ್ಲಿನ ಚಹ ಆರಿ ಕೆನೆಗಟ್ಟಿತ್ತು. "ಯಾವಾಗ ಗೊತ್ತಾತು?"

"ದೀಪಾವಳಿ ಮುಂದಿನ ಅಮಾಸಿಗೆ. ಅಮಾಸಿಗೊಮ್ಮೆ ಬಿಸಲಿಗೆ ಹಾಕತೇನಿ. ನಿನಗ ಹೆಂಗ ಗೊತ್ತಿರಬೇಕು, ನೀ ಇಲ್ಲೆ ಇರೂದಿಲ್ಲಲ್ಲ."

ಮೂರು ತಿಂಗಳು. ಅಷ್ಟೂ ದಿನ ಅವ್ವ ಫೋನಿನಲ್ಲಿ ಊಟದ ಮಾತು, ಕೆಮ್ಮಿನ ಮಾತು ಆಡಿದ್ದಳು. "ಮತ್ತೇನು?" ಎಂದು ಕೇಳಿ ಸ್ವಲ್ಪ ಹೊತ್ತು ಸುಮ್ಮನಿರುತ್ತಿದ್ದಳು. ಅನುರಾಧಾ "ಮತ್ತೇನಿಲ್ಲ" ಎಂದು ಇಟ್ಟುಬಿಡುತ್ತಿದ್ದಳು.

"ಯಾಕ ಕೇಳಲಿಲ್ಲ ಬೇ?"

"ನೀನ ಹೇಳತಿ ಅಂತ ಹಾದಿ ನೋಡಿದೆ." ಹೆಬ್ಬೆರಳು ತುದಿಯ ಗಂಟುಗಳಿಗೆ ಬಂತು. "ನಿಮ್ಮಪ್ಪನ ಬಟ್ಟಿ ಎಳಿ?"

"ಚೌಕಟ್ಟಿಗೆ ಅಡ್ಡ ಬರತಿದ್ವು. ಕತ್ತರಿಸಿದೆ."

"ಎಲ್ಲಿಟ್ಟಿ?"

"ಇಡಲಿಲ್ಲ. ಕಸದಾಗ ಹೋದ್ವು."

ಬೆರಳು ನಿಂತಿತು. ಹೊರಗೆ ಯಾರೋ ಸೈಕಲ್ ಒರಗಿಸಿದ ಸದ್ದು ಕೂಡ ಒಳಗೆ ಕೇಳಿಸಿತು. ಉಳಿದದ್ದನ್ನೂ ಈಗಲೇ ಹೇಳದಿದ್ದರೆ ರವಿವಾರ ಮುತ್ತಣ್ಣ ಎಲ್ಲರ ಮುಂದೆ ಅದನ್ನು ಕೂಗಿ ಓದುತ್ತಾನೆ.

"ಗ್ವಾಡಿಗೆ ಚೀಟಿ ಹಚ್ಚಾರ. ಅಪ್ಪ ನೇದದ್ದು, ನೀ ಕೊಟ್ಟದ್ದು ಅಂತ."

"ನಾ ಕೊಟ್ಟದ್ದು?"

"ಹೂಂ."

ಶೇವಂತಿ ಮಗಳ ಮುಖ ನೋಡಿದಳು. "ಕೇಳಿದ್ದರ ನಾ ಕೊಡತಿದ್ದಿಲ್ಲ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಗಿರಾಕಿಗೆ ಬಟ್ಟೆಯ ಅಳತೆ ಹೇಳುವ ದನಿ ಅದು.

"ಹೋಗೂದು ಬ್ಯಾಡ ಬೇ. ಪ್ರದರ್ಶನ ಮುಗೀತು ಅಂತ ಮಾಮಾಗ ಹೇಳತೇನಿ."

"ಅವಗ ಈತನಕ ಹೇಳಿದ ಸುಳ್ಳು ಸಾಕು." ಬಟ್ಟೆಯನ್ನು ಮಡಿಸಿ ಮಗಳ ಕಡೆ ಸರಿಸಿದಳು. "ಇದನ್ನ ಅವಗ ತಿರಗಿ ಕೊಡು. ಯಾಕ ಅಂತ ನೀನ ಹೇಳು."

ಅನುರಾಧಾ ಬಟ್ಟೆ ಮುಟ್ಟಲಿಲ್ಲ.

"ಹಿಂದಿನ ಮಗ್ಗಲಕೂ ಬಣ್ಣ ಹಚ್ಚೀಯೇನು?"

"ಇಲ್ಲ. ಹಿಂದ ಹಂಗ ಐತಿ."

"ಗ್ವಾಡಿಗೆ ಬಡದಾರೋ, ತೂಗ ಬಿಟ್ಟಾರೋ?"

"ತಂತಿಗೆ ತೂಗ ಬಿಟ್ಟಾರ. ಕೆಳಗಿಂದ ತುಸು ಎತ್ತಿದ್ರ ಹಿಂದ ಕಾಣತೈತಿ." ಹಗ್ಗದ ಮಾತು ಮತ್ತೆ ಬಾಯಿಗೆ ಬರಲಿಲ್ಲ.

ಕರೆಂಟ್ ಬಂತು. ಗೋಡೆಯಾಚೆ ಲೂಮುಗಳು ಒಂದರ ಹಿಂದೊಂದು ಬಡಿಯತೊಡಗಿದವು. ಕಿಟಕಿಯಲ್ಲಿ ಮುತ್ತಣ್ಣನ ತಲೆ ಕಾಣಿಸಿತು. "ಅಕ್ಕಾ, ಕ್ರೂಸರ್ ಆತು! ಐದಕ್ಕ ಬಾ ಅಂತ ಹೇಳೇನಿ!"

"ನಾಕೂವರಿಗೆ ಬರಾಕ ಹೇಳು!" ಶೇವಂತಿ ಕೂಗಿದಳು.

ಅವಳು ಹಿತ್ತಲಿನ ಒಗೆಯುವ ಕಲ್ಲಿನ ಬಳಿ ಹೋದಳು. ಲೂಮಿನ ಎಣ್ಣೆ ಹತ್ತಿದ ದಾರ ದಿನವೂ ಸುತ್ತಿ ಅವಳ ಬೆರಳ ಗೆರೆಗಳು ಮುಟ್ಟಿದ ಬಟ್ಟೆಗೆ ಕರೆ ಹತ್ತುವಷ್ಟು ಕಪ್ಪಾಗಿದ್ದವು. ಅನುರಾಧಾ ಮಡಿಸಿದ ಬಟ್ಟೆ ಎತ್ತಿಕೊಂಡು ಬಾಗಿಲವರೆಗೆ ಬಂದು ನಿಂತಳು. ರವಿವಾರಕ್ಕೆ ಇನ್ನೂ ಮೂರು ದಿನವಿತ್ತು. ಅವ್ವ ಸಾಬೂನು ಹಚ್ಚಿ, ತೆಂಗಿನ ನಾರಿನಿಂದ ಒಂದೊಂದೇ ಬೆರಳು ತಿಕ್ಕಿದಳು. ತೊಳೆದಳು, ನೋಡಿದಳು, ಮತ್ತೆ ತಿಕ್ಕಿದಳು. ಆಮೇಲೆ ಸೆರಗಿಗೆ ಒರೆಸಿಕೊಳ್ಳದೆ ಎರಡೂ ಕೈಗಳನ್ನು ಬಿಸಿಲಿಗೆ ಚಾಚಿ, ಆರಲೆಂದು ಹಾಗೆಯೇ ಕುಳಿತಳು.