ಬಾಗಿಲವರೆಗಿನ ಹೊತ್ತು

ದೊಡ್ಡಮ್ಮ ಹೊದಿಕೆಯ ಅಂಚನ್ನು ದೊಡ್ಡಪ್ಪನ ಕಾಲಡಿಗೆ ಮಡಚಿ ಸೇರಿಸುತ್ತಿದ್ದಂತೆ, ಪಕ್ಕದಲ್ಲಿದ್ದ ಪುಟ್ಟಿಯ ಕಣ್ಣು ಆ ಬಟ್ಟೆಯ ಮೇಲೇ ನಿಂತಿತು. ಎಲ್ಲರೂ ಅಳುವ ಹೊತ್ತಿನಲ್ಲಿ ನನಗೆ ಬಟ್ಟೆಯ ಚಿಂತೆಯೇ ಎಂದು ತನ್ನನ್ನೇ ಬೈದುಕೊಂಡಳು. ಚಿಂತೆ ಮಾತ್ರ ಹೋಗಲಿಲ್ಲ.

ಆ ತಿಳಿನೀಲಿ ಹೊದಿಕೆ ದೊಡ್ಡಪ್ಪನೇ ಮಾಡಿಸಿದ ನೂಲಿನದು. ನೂಲಿನ ಕಾರ್ಖಾನೆಯ ಪ್ರಯೋಗಾಲಯದಲ್ಲಿ, ಕರಗಿದ ಪಾಲಿಯೆಸ್ಟರಿಗೆ ಬೆಂಕಿ ತಡೆಯುವ ಪುಡಿ ಬೆರೆಸುವುದರಲ್ಲೇ ಅವರ ತಲೆ ನರೆತಿತ್ತು. "ನಮ್ಮನೆಯವರ ಬಟ್ಟೆ ಉರಿಯೋದೇ ಇಲ್ಲ" ಎಂದು ದೊಡ್ಡಮ್ಮ ಕಂಡಕಂಡವರಿಗೆಲ್ಲ ಹೇಳಿಕೊಂಡು ಬಂದಿದ್ದರು. ಇವತ್ತು ವಿದ್ಯುತ್ ಚಿತಾಗಾರದ ಹಜಾರದಲ್ಲಿ ಅದೇ ಮಾತು ಅವರ ಕಾಲಿಗೆ ತೊಡರಿತ್ತು.

"ಅಕ್ಕ, ಅದನ್ನ ತೆಗೆದುಬಿಡು," ಎಂದರು ದೊಡ್ಡಮ್ಮನ ತಮ್ಮ, ಪುಟ್ಟಿಯ ಮಾವ. "ಉರಿಯದ ಬಟ್ಟೆ ಹೊದಿಸಿ ಕಳಿಸಿದ್ರೆ ಭಾವ ಹೋದ ಹಾಗೇ ವಾಪಸ್ ಬರ್ತಾರೆ."

"ಬಂದ್ರೆ ಬರ್ಲಿ. ನಿನಗೇನು ಕಷ್ಟ?"

"ಬಂದೋರು ಮೊದಲು ನನ್ನ ಕೋಟಿಗೇ ಕೈ ಹಾಕ್ತಾರೆ. ನನ್ನ ಮದುವೆ ದಿನ ಉಣ್ಣೆ ಕೋಟು ಅಂತ ಮೆರೀತಿದ್ದೆ. ಒಂದೆಳೆ ಕಿತ್ತು ಕಡ್ಡಿ ಗೀರಿ ಸುಟ್ಟು ಮೂಸಿ, 'ಕೂದಲು ಸುಟ್ಟ ವಾಸನೆ ಇಲ್ಲ, ಉಣ್ಣೆ ಅಲ್ಲ ಕಣೋ, ಅಂಗಡಿಯವನು ನಿನಗೆ ಟೋಪಿ ಹಾಕಿದಾನೆ' ಅಂದ್ರು. ಅದೂ ಹುಡುಗಿ ಕಡೆಯವರ ಮುಂದೆ." ಯಾರೋ ನಕ್ಕರು. ಹೇಳಿದವರು ಮಾತ್ರ ಕಣ್ಣೊರೆಸಿಕೊಂಡರು.

ಕುಲುಮೆ ನೋಡಿಕೊಳ್ಳುವಾತ ಹತ್ತಿರ ಬಂದ. "ಉರಿಯಲ್ಲ ಅನ್ನೋದು ಒಳಗೆ ಬೇಡಮ್ಮ. ತೆಗೆದುಕೊಡಿ."

ದೊಡ್ಡಮ್ಮನ ಕೈ ಹೊದಿಕೆಯ ಮೇಲೇ ಇತ್ತು.

ಉರಿಯುತ್ತದೆ ಎಂದು ಪುಟ್ಟಿಗೆ ಗೊತ್ತಿತ್ತು. ಪದವಿ ಮುಗಿಸಿ ಅದೇ ಪ್ರಯೋಗಾಲಯಕ್ಕೆ ಸೇರಿದವಳು ಅವಳು. ಆದರೆ ಇಷ್ಟು ಜನರ ನಡುವೆ ಹಾಗೆಂದರೆ ದೊಡ್ಡಪ್ಪನ ಬದುಕೇ ಸುಳ್ಳೆಂದಂತಲ್ಲವೇ?

*

ಕೆಲಸಕ್ಕೆ ಸೇರಿದ ಹೊಸತು. ತೂಗುಹಾಕಿದ ಬಟ್ಟೆಯ ಪಟ್ಟಿಗೆ ಅವಳು ಜ್ವಾಲೆ ಹಿಡಿದಿದ್ದಳು. ಪುಡಿ ಹೆಚ್ಚಾದರೆ ನೂಲು ಯಂತ್ರದ ಸಣ್ಣ ತೂತುಗಳಲ್ಲೇ ಕಡಿಯುತ್ತಿತ್ತು, ಕಡಿಮೆಯಾದರೆ ಬಟ್ಟೆ ಧಗ್ಗನೆ ಹತ್ತಿಕೊಳ್ಳುತ್ತಿತ್ತು. ಅಂದಿನ ಪಟ್ಟಿ ಅಂಚಿನಲ್ಲಿ ಕಪ್ಪಾಗಿ ಸುಮ್ಮನಾಯಿತು. ಅವಳು ಜ್ವಾಲೆ ತೆಗೆಯಲಿಲ್ಲ. ಕೊನೆಗೆ ಅದೂ ಉರಿದುಹೋಯಿತು.

"ಸೋತ್ವಿ, ದೊಡ್ಡಪ್ಪ."

"ಬೆಂಕಿ ಹತ್ರ ಗೆದ್ದೋರು ಯಾರಿದಾರೆ ಪುಟ್ಟಿ? ಉರಿಯಲ್ಲ ಅನ್ನೋದೆಲ್ಲ ನಿಮ್ಮ ದೊಡ್ಡಮ್ಮನ ಜಾಹೀರಾತು." ಅವರು ಕನ್ನಡಕ ಒರೆಸಿಕೊಂಡರು. "ತಡವಾಗಿ ಉರಿಯುತ್ತೆ. ಮಲಗಿದ್ದೋರು ಎದ್ದು, ಮಗೂನ ಎತ್ಕೊಂಡು ಬಾಗಿಲು ದಾಟೋಷ್ಟು ತಡ. ಆ ಹೊತ್ತನ್ನ ಮಾಡಿಕೊಡೋದೇ ನಮ್ಮ ಕಸುಬು."

*

ತೆಗೆಯಲೆಂದು ಮಾವ ಹೊದಿಕೆಯ ಅಂಚು ಹಿಡಿದರು.

"ಉರಿಯುತ್ತೆ."

ಆ ದನಿ ತನ್ನದೇ ಎಂದು ತಿಳಿಯಲು ಅವಳಿಗೆ ಒಂದು ಗಳಿಗೆ ಬೇಕಾಯಿತು. ಎಲ್ಲರೂ ತಿರುಗಿ ನೋಡಿದರು. ದೊಡ್ಡಮ್ಮನೂ.

"ಉರಿಯುತ್ತೆ ದೊಡ್ಡಮ್ಮ. ಬೇರೆ ಬಟ್ಟೆಗಿಂತ ತಡ, ಅಷ್ಟೇ. ಅವರೇ ಹೇಳಿದ್ದು."

ದೊಡ್ಡಮ್ಮ ಅವಳ ಮುಖವನ್ನೇ ದಿಟ್ಟಿಸಿದರು. "ಎಷ್ಟು ತಡ?"

"ಬಾಗಿಲವರೆಗೆ ಹೋಗೋಷ್ಟು."

ದೊಡ್ಡಮ್ಮ ತಲೆಯಾಡಿಸಿದರು. ಮಾವನ ಕೈಯಿಂದ ಅಂಚನ್ನು ಬಿಡಿಸಿಕೊಂಡು, ಮತ್ತೆ ಕಾಲಡಿಗೆ ಸೇರಿಸಿ, ಎದೆಯ ಮೇಲಿನ ಸುಕ್ಕನ್ನು ಅಂಗೈಯಿಂದ ನಿಧಾನವಾಗಿ ಸವರತೊಡಗಿದರು. ಕುಲುಮೆಯಾತ ಗುಂಡಿಯ ಮೇಲೆ ಬೆರಳಿಟ್ಟು, ಒತ್ತದೆ, ಕಾಯುತ್ತ ನಿಂತ.